ಐವತ್ತನಾಲ್ಕರ ಎದುರು ಆರು

ವಿಜ್ಞಾನದಲ್ಲಿ ಬಹುಮತಕ್ಕೆ ಬೆಲೆಯಿಲ್ಲ. ಭಾರವಾದ ಕಲ್ಲು ಹಗುರವಾದ ಕಲ್ಲಿಗಿಂತ ಬೇಗ ನೆಲಕ್ಕೆ ಬೀಳುತ್ತದೆ ಎಂದು ತರಗತಿಯ ಅರವತ್ತು ಮಕ್ಕಳೂ ಒಕ್ಕೊರಲಿನಿಂದ ಹೇಳಿದರೂ ಎರಡು ಕಲ್ಲುಗಳು ಒಟ್ಟಿಗೇ ನೆಲ ಮುಟ್ಟುತ್ತವೆ. ಕಲ್ಲಿಗೆ ಮತದಾನ ಗೊತ್ತಿಲ್ಲ. ಆದರೆ ಮನುಷ್ಯರು ಕೂಡಿ ಬಾಳುವ ಕಡೆ ಹಾಗಲ್ಲ. ಪಂಚಾಯಿತಿ ಇರಲಿ, ಹಾಲಿನ ಸೊಸೈಟಿ ಇರಲಿ, ಶಾಲೆಯ ಸಂಸತ್ತೇ ಇರಲಿ, ಹೆಚ್ಚು ಜನ ಒಪ್ಪಿದ್ದು ನಡೆಯುತ್ತದೆ. ಅದನ್ನೇ ನಾವು ಪ್ರಜಾಪ್ರಭುತ್ವ ಎಂದು ಮಕ್ಕಳಿಗೆ ಕಲಿಸುತ್ತೇವೆ. ಹಾಗಾದರೆ ಆ ಹೆಚ್ಚು ಜನರೇ ತಪ್ಪು ಮಾಡಿದಾಗ ಒಬ್ಬ ಸಾಮಾನ್ಯ ಮನುಷ್ಯ ಏನು ಮಾಡಬೇಕು? ಎದ್ದು ಹೊರಗೆ ಹೋಗಬೇಕೆ? ಒಳಗೇ ಇದ್ದು ಹೋರಾಡಬೇಕೆ? ಬಾಯಿ ಮುಚ್ಚಿಕೊಂಡು ಕೂರಬೇಕೆ?

ಪೌರನೀತಿಯ ಪುಸ್ತಕದಲ್ಲಿ ಇದಕ್ಕೆ ನೇರ ಉತ್ತರ ಸಿಗುವುದಿಲ್ಲ. ಅದರ ಬದಲು ಒಂದು ಸಣ್ಣ ಊರಿನ, ಅಲ್ಲಿನ ಒಂದು ಸಣ್ಣ ಚರ್ಚಿನ ಕಥೆ ಹೇಳುತ್ತೇನೆ. ಊರು ಅಮೆರಿಕದ ಜಾರ್ಜಿಯಾ ರಾಜ್ಯದ ಪ್ಲೇನ್ಸ್. ಚರ್ಚು ಬ್ಯಾಪ್ಟಿಸ್ಟ್ ಪಂಥದ್ದು. ಆ ಚರ್ಚಿನ ಸದಸ್ಯರಲ್ಲಿ ಒಬ್ಬರು 1977ರಿಂದ 1981ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್.

ಶೇಂಗಾ ಬೆಳೆಯುವ ಊರು

ಪ್ಲೇನ್ಸ್ ಎಂದರೆ ಬಯಲು. ಹೆಸರಿಗೆ ತಕ್ಕ ಊರು. ಅಟ್ಲಾಂಟಾ ನಗರದಿಂದ ದಕ್ಷಿಣಕ್ಕೆ ಸುಮಾರು 250 ಕಿಲೋಮೀಟರ್. ಕೆಂಪು ಮಣ್ಣು, ಸುಡುವ ಬೇಸಗೆ, ಶೇಂಗಾ ಮತ್ತು ಹತ್ತಿಯ ಹೊಲಗಳು. ಚಳ್ಳಕೆರೆ, ಪಾವಗಡದ ಕಡೆಯವರಿಗೆ ಆ ಹೊಲಗಳ ಚಿತ್ರ ನೋಡಿದರೆ ತಮ್ಮೂರೇ ಎನಿಸೀತು. ರೈಲು ಹಳಿಯ ಪಕ್ಕದಲ್ಲಿ ಒಂದು ಸಾಲು ಅಂಗಡಿ, ಅಷ್ಟೇ ಪೇಟೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಆರುನೂರಕ್ಕೂ ಕಡಿಮೆ. ನಮ್ಮ ಒಂದು ಹೈಸ್ಕೂಲಿನಲ್ಲಿ ಅದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ.

ಕಾರ್ಟರ್ ಹುಟ್ಟಿದ್ದು ಇಲ್ಲೇ, 1924ರ ಅಕ್ಟೋಬರ್ 1ರಂದು. ತಂದೆ ಕೃಷಿಕ ಮತ್ತು ವ್ಯಾಪಾರಿ, ತಾಯಿ ಲಿಲಿಯನ್ ದಾದಿ. ಬಾಲ್ಯ ಕಳೆದದ್ದು ಊರ ಹೊರಗಿನ ತೋಟದಲ್ಲಿ, ಬಹುಕಾಲ ವಿದ್ಯುತ್ತಿಲ್ಲದ ಮನೆಯಲ್ಲಿ. ಊರ ಶಾಲೆಯಲ್ಲಿ ಜೂಲಿಯಾ ಕೋಲ್ಮನ್ ಎಂಬ ಶಿಕ್ಷಕಿ ಇದ್ದರು. ಹನ್ನೆರಡು ವರ್ಷದ ಹುಡುಗನ ಕೈಗೆ ಅವರು ಟಾಲ್‌ಸ್ಟಾಯ್‌ಯ 'ಯುದ್ಧ ಮತ್ತು ಶಾಂತಿ' ಓದಲು ಹೇಳಿದರು. ಹೆಸರು ಕೇಳಿ ಇದು ಕುದುರೆ ಸವಾರರ ಹೊಡೆದಾಟದ ಕಥೆಯಿರಬೇಕು ಎಂದು ಹುಡುಗ ಖುಷಿಪಟ್ಟನಂತೆ. ಮುಂದೆ 1977ರಲ್ಲಿ ಅಧ್ಯಕ್ಷನಾಗಿ ಪ್ರಮಾಣವಚನ ಸ್ವೀಕರಿಸಿದ ದಿನ ತನ್ನ ಭಾಷಣದಲ್ಲಿ ಆ ಶಿಕ್ಷಕಿಯ ಮಾತನ್ನು ನೆನೆದ: ಕಾಲ ಬದಲಾದಂತೆ ನಾವು ಹೊಂದಿಕೊಳ್ಳಬೇಕು, ಆದರೆ ಬದಲಾಗದ ತತ್ವಗಳನ್ನು ಬಿಡಬಾರದು. ಮೇಷ್ಟರುಗಳಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕೆ?

ಹುಡುಗ ನೌಕಾಪಡೆಯ ಅಕಾಡೆಮಿ ಸೇರಿ ಎಂಜಿನಿಯರಿಂಗ್ ಕಲಿತ. ಅಣುಶಕ್ತಿಯ ಜಲಾಂತರ್ಗಾಮಿ ನೌಕೆಗಳ ಯೋಜನೆಯಲ್ಲಿ ಕೆಲಸ ಮಾಡಿದ. 1952ರ ಡಿಸೆಂಬರಿನಲ್ಲಿ ಕೆನಡಾದ ಚಾಕ್ ರಿವರ್ ಅಣು ರಿಯಾಕ್ಟರಿನಲ್ಲಿ ಅಪಘಾತವಾದಾಗ ಅದನ್ನು ಬಿಚ್ಚಿ ಶುದ್ಧಮಾಡಲು ಹೋದ ತಂಡಗಳಲ್ಲಿ ಇವರೂ ಇದ್ದರು. 1953ರಲ್ಲಿ ತಂದೆ ತೀರಿಕೊಂಡರು. ಕಾರ್ಟರ್ ನೌಕಾಪಡೆಯ ಕೆಲಸ ಬಿಟ್ಟು, ಹೆಂಡತಿ ರೋಸಲಿನ್ ಮತ್ತು ಮಕ್ಕಳೊಡನೆ ಊರಿಗೆ ಹಿಂತಿರುಗಿ ಶೇಂಗಾ ವ್ಯಾಪಾರಕ್ಕೆ ನಿಂತರು. ತಂದೆಯಂತೆಯೇ ಚರ್ಚಿನಲ್ಲಿ ಭಾನುವಾರದ ಶಾಲೆಯ ಪಾಠವನ್ನೂ ಹೇಳತೊಡಗಿದರು.

ಬ್ಯಾಪ್ಟಿಸ್ಟರು ಎಂದರೆ ಯಾರು?

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ತಿಳಿಯಬೇಕು. ಕ್ರೈಸ್ತರೆಂದರೆ ಎಲ್ಲರೂ ಒಂದೇ ಪಂಥದವರಲ್ಲ. ರೋಮಿನ ಪೋಪರನ್ನು ಒಪ್ಪುವ ಕ್ಯಾಥೊಲಿಕರಿದ್ದಾರೆ, ಬಿಷಪ್ಪರಿರುವ ಪ್ರಾಟೆಸ್ಟೆಂಟ್ ಸಭೆಗಳಿವೆ. ಬ್ಯಾಪ್ಟಿಸ್ಟರದು ಬೇರೆಯೇ ದಾರಿ. ಧರ್ಮದ ವಿಷಯದಲ್ಲಿ ರಾಜನ ಅಪ್ಪಣೆಗೆ ತಲೆಬಾಗದೆ ದೇಶ ಬಿಟ್ಟ ಕೆಲವು ಇಂಗ್ಲಿಷರು 1609ರಲ್ಲಿ ಜಾನ್ ಸ್ಮಿತ್ ಎಂಬವರ ಮುಂದಾಳುತನದಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಈ ಪಂಥಕ್ಕೆ ತಳಹದಿ ಹಾಕಿದರು. ಅವರ ಜೊತೆಗಾರ ಥಾಮಸ್ ಹೆಲ್ವಿಸ್ ಇಂಗ್ಲೆಂಡಿಗೆ ಮರಳಿ, ಅರಸನೂ ಮನುಷ್ಯನೇ, ಪ್ರಜೆಗಳ ಆತ್ಮದ ಮೇಲೆ ಅವನಿಗೆ ಅಧಿಕಾರವಿಲ್ಲ ಎಂದು ಬರೆದರು. ಅರಸನಿಗೆ ಅದು ಹಿಡಿಸಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಹೆಲ್ವಿಸ್ ಸೆರೆಮನೆ ಸೇರಿದರು.

ಈ ಪಂಥದ ಮುಖ್ಯ ನಂಬಿಕೆಗಳು ಮೂರು. ಮೊದಲನೆಯದು, ತೊಟ್ಟಿಲ ಕೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ಬಂದ ಮೇಲೆ, ತನ್ನ ಬಾಯಿಂದಲೇ 'ನಾನು ನಂಬುತ್ತೇನೆ' ಎಂದವರನ್ನು ಮಾತ್ರ ನೀರಿನಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸುತ್ತಾರೆ. ಹಳೆಯ ಬಾಳು ಮಣ್ಣಾಯಿತು, ಹೊಸ ಬಾಳು ಎದ್ದಿತು ಎಂಬುದರ ಗುರುತು ಅದು. ಕಾರ್ಟರ್ ಹಾಗೆ ಮುಳುಗೆದ್ದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಎರಡನೆಯದು, ಸರ್ಕಾರ ಬೇರೆ, ಧರ್ಮ ಬೇರೆ. ಅಮೆರಿಕದಲ್ಲಿ ಇವೆರಡರ ನಡುವೆ ಗೋಡೆ ಇರಬೇಕು ಎಂಬ ಪ್ರಸಿದ್ಧ ಮಾತನ್ನು ಅಧ್ಯಕ್ಷ ಜೆಫರ್ಸನ್ 1802ರಲ್ಲಿ ಬರೆದದ್ದು ಡ್ಯಾನ್‌ಬರಿ ಎಂಬಲ್ಲಿನ ಬ್ಯಾಪ್ಟಿಸ್ಟರ ಪತ್ರಕ್ಕೆ ಉತ್ತರವಾಗಿ. ಮೂರನೆಯದು ನಮ್ಮ ಕಥೆಗೆ ಬಹಳ ಮುಖ್ಯ. ಪ್ರತಿಯೊಂದು ಸಭೆಯೂ ಸ್ವತಂತ್ರ. ಮೇಲೆ ಬಿಷಪ್ ಇಲ್ಲ, ಪೋಪ್ ಇಲ್ಲ. ಪಾಸ್ಟರನ್ನು ನೇಮಿಸುವುದು, ಬೇಡವಾದರೆ ಬಿಡಿಸುವುದು, ಹೊಸಬರನ್ನು ಸೇರಿಸಿಕೊಳ್ಳುವುದು, ಎಲ್ಲವನ್ನೂ ಸದಸ್ಯರು ಸಭೆ ಸೇರಿ ಮತ ಹಾಕಿ ತೀರ್ಮಾನಿಸುತ್ತಾರೆ.

ಇದರ ಇನ್ನೊಂದು ಮುಖವನ್ನೂ ಗಮನಿಸಿ. ಇಂಥ ಸಭೆಯಲ್ಲಿ ಒಂದು ಅನ್ಯಾಯ ನಡೆದರೆ 'ಮೇಲಿನವರ ಆಜ್ಞೆ, ನಾವೇನು ಮಾಡೋಣ' ಎಂದು ಕೈತೊಳೆದುಕೊಳ್ಳುವಂತಿಲ್ಲ. ಮೇಲೆ ಯಾರೂ ಇಲ್ಲ. ಮಾಡಿದ್ದು ಪೂರ್ತಿ ತಮ್ಮದೇ.

ಕನ್ನಡಿಗರಿಗೆ ಬ್ಯಾಪ್ಟಿಸ್ಟರ ಋಣ ಒಂದಿಷ್ಟು ಇದೆ. ಬಂಗಾಳದ ಶ್ರೀರಾಂಪುರದಲ್ಲಿ ನೆಲೆಸಿದ್ದ ವಿಲಿಯಂ ಕೇರಿ 1817ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಅಚ್ಚುಹಾಕಿಸಿದರು. ಅವರು ಬ್ಯಾಪ್ಟಿಸ್ಟ್ ಪಾದ್ರಿ. ಮೊದಲು ಚಮ್ಮಾರಿಕೆ ಮಾಡುತ್ತಿದ್ದವರು. ಸಸ್ಯಶಾಸ್ತ್ರದಲ್ಲೂ ಪಳಗಿದ್ದವರು.

ಒಬ್ಬ ಭಾರತೀಯ ವಿದ್ಯಾರ್ಥಿಯ ನೆಪ

ಈಗ ಪ್ಲೇನ್ಸಿನ ಸುತ್ತಲ ಸಮಾಜ ನೋಡೋಣ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಬೆಳೆಸಿದ್ದು ಆಫ್ರಿಕದಿಂದ ಹಿಡಿದು ತಂದ ಗುಲಾಮರ ದುಡಿಮೆ. 1845ರಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರು ಉತ್ತರದವರಿಂದ ಬೇರೆಯಾಗಿ ತಮ್ಮದೇ ಸಮ್ಮೇಳನ ಕಟ್ಟಿಕೊಂಡದ್ದೇ ಗುಲಾಮರನ್ನು ಇಟ್ಟುಕೊಂಡವರು ಮಿಷನರಿಗಳಾಗಬಹುದೇ ಎಂಬ ಜಗಳದಲ್ಲಿ. ಆ ಸಮ್ಮೇಳನ ಇದಕ್ಕೆ ಕ್ಷಮೆ ಕೇಳಿದ್ದು 150 ವರ್ಷದ ನಂತರ, 1995ರಲ್ಲಿ. ಗುಲಾಮಗಿರಿ 1865ರಲ್ಲಿ ಮುಗಿದರೂ ಶಾಲೆ ಬೇರೆ, ಬಸ್ಸಿನ ಸೀಟು ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ. ಭಾನುವಾರ ಒಂದೇ ಬೈಬಲ್ಲನ್ನು ಬಿಳಿಯರು ಒಂದು ಚರ್ಚಿನಲ್ಲಿ, ಕಪ್ಪು ಜನರು ಇನ್ನೊಂದು ಚರ್ಚಿನಲ್ಲಿ ಓದುತ್ತಿದ್ದರು. ಊರ ಬಾವಿ ಯಾರದು, ಗುಡಿಯ ಬಾಗಿಲು ಯಾರಿಗೆ ಎಂಬ ಜಗಳಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಸಮ್ಟರ್ ಜಿಲ್ಲೆಯಲ್ಲಿ, ಪ್ಲೇನ್ಸಿನಿಂದ ಹೆಚ್ಚು ದೂರವಲ್ಲದ ಕಡೆ, 1942ರಲ್ಲಿ ಕ್ಲಾರೆನ್ಸ್ ಜಾರ್ಡನ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ಒಂದು ಹೊಲ ಕೊಂಡರು. ಈತ ಕೃಷಿ ಪದವೀಧರ, ಜೊತೆಗೆ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಡಾಕ್ಟರೇಟ್ ಪಡೆದವರು. ಹೊಲಕ್ಕೆ 'ಕೊಯಿನೊನಿಯಾ' ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಅದರ ಅರ್ಥ ಅನ್ಯೋನ್ಯತೆ, ಸಹಭಾಗಿತ್ವ. ಅಲ್ಲಿ ಬಿಳಿಯರು, ಕಪ್ಪು ಜನರು ಒಟ್ಟಿಗೆ ದುಡಿದು, ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು.

ಇವರು ಭಾನುವಾರ ರೆಹೋಬೋತ್ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗುತ್ತಿದ್ದರು. 1950ರಲ್ಲಿ ಒಂದು ಭಾನುವಾರ ತಮ್ಮಲ್ಲಿಗೆ ಬಂದಿದ್ದ ಅತಿಥಿಯನ್ನು ಜೊತೆಗೆ ಕರೆದೊಯ್ದರು. ಆತ ಫ್ಲಾರಿಡಾದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿ, ಹಿಂದೂ. ಅಮೆರಿಕದ ಚರ್ಚು ಹೇಗಿರುತ್ತದೆ ಎಂದು ನೋಡುವ ಕುತೂಹಲ. ಆತನ ಮೈಬಣ್ಣ ಕಂಡ ಸಭೆಯವರು ಕಪ್ಪು ಮನುಷ್ಯನನ್ನು ಒಳಗೆ ತಂದರೆಂದು ಸಿಟ್ಟಾದರು. ಕೆಲವೇ ದಿನಗಳಲ್ಲಿ ಕೊಯಿನೊನಿಯಾದವರನ್ನು ಸದಸ್ಯತ್ವದಿಂದ ತೆಗೆದುಹಾಕಲು ಮತ ಹಾಕಲಾಯಿತು. ಇದಕ್ಕೆ ಮೊದಲು ಸಭೆಯ ಹಿರಿಯರು ಮಾತಾಡಲು ಬಂದಾಗ ಜಾರ್ಡನ್ ಅವರ ಕೈಗೆ ಬೈಬಲ್ ಕೊಟ್ಟು, ನಾವು ಮಾಡಿದ ತಪ್ಪು ಇದರಲ್ಲಿ ಎಲ್ಲಿದೆ ತೋರಿಸಿ ಎಂದರಂತೆ. ಪುಸ್ತಕ ಕೈಯಿಂದ ಕೈಗೆ ದಾಟಿತೇ ಹೊರತು ಯಾರೂ ತೆರೆಯಲಿಲ್ಲವಂತೆ.

ಆಮೇಲೆ ಬಂದದ್ದು ಬಹಿಷ್ಕಾರ. 1950ರ ದಶಕದ ನಡುವಿನಿಂದ ಅಂಗಡಿಯವರು ಬೀಜ, ಗೊಬ್ಬರ, ಇಂಧನ ಮಾರಲಿಲ್ಲ. ರಸ್ತೆ ಬದಿಯ ಅವರ ಮಳಿಗೆಯನ್ನು ಸಿಡಿಮದ್ದಿಟ್ಟು ಹಾರಿಸಿದರು. ಮನೆಗಳ ಮೇಲೆ ಗುಂಡು ಹಾರಿದವು. ಊರಿನಲ್ಲಿ ಮಾರಲಾಗದಿದ್ದರೆ ಅಂಚೆಯಲ್ಲಿ ಮಾರೋಣ ಎಂದು ಅವರು ತಾವು ಬೆಳೆದ ಪೆಕಾನ್ ಬೀಜಗಳನ್ನು ದೇಶಕ್ಕೆಲ್ಲ ಪಾರ್ಸೆಲ್ ಕಳಿಸಿ ಬದುಕಿದರು. ಹೊಲ ಬಿಟ್ಟು ಹೋಗಲಿಲ್ಲ. ಜಾರ್ಡನ್ 1969ರಲ್ಲಿ ಅಲ್ಲೇ ತೀರಿಕೊಂಡರು.

ಮೊದಲ ಮತದಾನ

ಕಾರ್ಟರ್ ಕುಟುಂಬಕ್ಕೂ ಬಿಸಿ ತಟ್ಟದೆ ಇರಲಿಲ್ಲ. ಐವತ್ತರ ದಶಕದಲ್ಲಿ ಊರಿನ ಬಿಳಿಯರೆಲ್ಲ ವರ್ಣಭೇದದ ಪರವಾದ 'ಬಿಳಿ ನಾಗರಿಕರ ಮಂಡಳಿ'ಗೆ ಸೇರಿದಾಗ ಕಾರ್ಟರ್ ಸೇರಲಿಲ್ಲ. ಚಂದಾ ಐದೇ ಡಾಲರು, ನಿನ್ನ ಪರವಾಗಿ ನಾವೇ ಕಟ್ಟುತ್ತೇವೆ ಎಂದು ಗಿರಾಕಿಗಳು ಬಂದರು. ಆಗಲೂ ಒಪ್ಪಲಿಲ್ಲ. ಕೆಲಕಾಲ ವ್ಯಾಪಾರಕ್ಕೆ ಪೆಟ್ಟು ಬಿತ್ತು.

1965ರಲ್ಲಿ ಹತ್ತಿರದ ಅಮೆರಿಕಸ್ ಪಟ್ಟಣದಲ್ಲಿ ನಾಗರಿಕ ಹಕ್ಕುಗಳ ಚಳವಳಿ ಕಾವೇರಿತ್ತು. ಚಳವಳಿಗಾರರು ಬಿಳಿಯರ ಚರ್ಚುಗಳ ಬಾಗಿಲಿಗೆ ಬಂದು ಪ್ರಾರ್ಥನೆಗೆ ಒಳಗೆ ಬಿಡಿ ಎನ್ನುತ್ತಿದ್ದರು. ನಮ್ಮಲ್ಲಿಗೂ ಬಂದರೆ ಏನು ಗತಿ ಎಂದು ಪ್ಲೇನ್ಸ್ ಬ್ಯಾಪ್ಟಿಸ್ಟ್ ಚರ್ಚಿನ ಡೀಕನ್ನರು, ಅಂದರೆ ಸಭೆಯ ಸೇವಾ ಹಿರಿಯರು, ಒಂದು ನಿರ್ಣಯ ತಂದರು. ಕಪ್ಪು ಜನರನ್ನೂ ಚಳವಳಿಗಾರರನ್ನೂ ಬಾಗಿಲಲ್ಲೇ ತಡೆಯತಕ್ಕದ್ದು. ಆಗ ರಾಜ್ಯ ಸೆನೆಟಿನ ಸದಸ್ಯರಾಗಿದ್ದ ಕಾರ್ಟರ್ ಎದ್ದುನಿಂತು ಇದನ್ನು ವಿರೋಧಿಸಿ ಮಾತಾಡಿದರು. ಇದು ದೇವರ ಮನೆ, ಬಾಗಿಲು ಮುಚ್ಚಲು ನಾವು ಯಾರು ಎಂಬುದು ಅವರ ವಾದದ ಸಾರ.

ಮತ ಎಣಿಸಿದಾಗ ನಿರ್ಣಯದ ಪರ 54, ವಿರುದ್ಧ ಆರು. ಆ ಆರರಲ್ಲಿ ಐದು ಕಾರ್ಟರ್ ಕುಟುಂಬದವೇ.

ಆದರೆ ಈ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆ ಒಂದು ಸಂಖ್ಯೆ. ಅಂದು ಅಲ್ಲಿ ಸೇರಿದ್ದವರು ಸುಮಾರು ಇನ್ನೂರು ಮಂದಿ. ಉಳಿದವರು ಅತ್ತಲೂ ಹಾಕಲಿಲ್ಲ, ಇತ್ತಲೂ ಹಾಕಲಿಲ್ಲ. ಸುಮ್ಮನೆ ಕುಳಿತರು. ಲೆಕ್ಕ ಬಲ್ಲ ಮಕ್ಕಳು ನೋಡಿ, ಇನ್ನೂರರಲ್ಲಿ ಐವತ್ತನಾಲ್ಕು ಎಂದರೆ ಶೇಕಡ 27. ಬಾಗಿಲು ಮುಚ್ಚಿದ್ದು ಬಹುಮತವಲ್ಲ. ಕಾಲು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು ಜನ ಮತ್ತು ಉಳಿದವರ ಮೌನ. ಅವರೆಲ್ಲ ಕೆಟ್ಟವರಾಗಿರಲಿಲ್ಲ. ಅನೇಕರು ಮನಸ್ಸಿನಲ್ಲಿ ಕಾರ್ಟರ್ ಮಾತನ್ನು ಒಪ್ಪಿದ್ದರೆಂದು ಕಾಣುತ್ತದೆ. ಆದರೆ ನಾಳೆ ಅಂಗಡಿಗೆ ಯಾರು ಬರುತ್ತಾರೆ, ಮಗಳ ಮದುವೆಗೆ ಯಾರು ಬರುತ್ತಾರೆ ಎಂಬ ಚಿಂತೆ ಸಣ್ಣ ಊರಿನಲ್ಲಿ ಎಲ್ಲರಿಗೂ ಇರುತ್ತದೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳದೆ ಬಿಟ್ಟರೆ ಅಪ್ರಾಮಾಣಿಕತೆಯಾದೀತು. ಕಾರ್ಟರ್ ಎಲ್ಲ ಕಾಲದಲ್ಲೂ ಧೀರನಾಗಿರಲಿಲ್ಲ. ಕೊಯಿನೊನಿಯಾದ ಮೇಲೆ ದಾಳಿಗಳಾದಾಗ ಅವರು ಬಹಿರಂಗವಾಗಿ ಅದರ ಬೆಂಬಲಕ್ಕೆ ನಿಂತವರಲ್ಲ. 1970ರಲ್ಲಿ ಗವರ್ನರ್ ಚುನಾವಣೆಗೆ ನಿಂತಾಗ ವರ್ಣಭೇದವಾದಿಗಳ ಓಟಿಗಾಗಿ ಓಲೈಕೆಯ ಮಾತಾಡಿದರು. ಗೆದ್ದ ಮೇಲೆ, 1971ರ ಜನವರಿಯಲ್ಲಿ, ವರ್ಣಭೇದದ ಕಾಲ ಮುಗಿಯಿತು ಎಂದು ಸಾರಿದರು. ಮನುಷ್ಯರು ಹೀಗೆಯೇ. ಒಂದು ದಿನ ಎದ್ದು ನಿಲ್ಲುತ್ತಾರೆ, ಇನ್ನೊಂದು ದಿನ ಕುಳಿತುಬಿಡುತ್ತಾರೆ. ಮಕ್ಕಳಿಗೆ ಮಹನೀಯರ ಕಥೆ ಹೇಳುವಾಗ ಇದನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ, ಒಳ್ಳೆಯ ಕೆಲಸ ಮಾಡಲು ತಪ್ಪೇ ಮಾಡದವರಾಗಿ ಹುಟ್ಟಬೇಕು ಎಂದು ಅವರು ತಿಳಿಯುತ್ತಾರೆ.

ಎರಡನೆಯ ಮತದಾನ

ಸೋತ ಮೇಲೆ ಕಾರ್ಟರ್ ಚರ್ಚು ಬಿಡಲಿಲ್ಲ. ಅಲ್ಲೇ ಉಳಿದರು. ಹನ್ನೊಂದು ವರ್ಷ ಕಳೆಯಿತು. 1976ರ ಅಕ್ಟೋಬರ್ 31, ಭಾನುವಾರ. ಎರಡೇ ದಿನದಲ್ಲಿ ಅಧ್ಯಕ್ಷ ಚುನಾವಣೆ, ಕಣದಲ್ಲಿ ಕಾರ್ಟರ್. ಅಂದು ಆಲ್ಬನಿ ಪಟ್ಟಣದ ಕ್ಲೆನನ್ ಕಿಂಗ್ ಎಂಬ ಕಪ್ಪು ಪಾದ್ರಿ, ತಾನು ಸದಸ್ಯನಾಗಬೇಕು ಎಂದು ಬಂದು ನಿಂತರು. ಚರ್ಚಿನವರು ಅಂದಿನ ಆರಾಧನೆಯನ್ನೇ ರದ್ದುಮಾಡಿ ಬೀಗ ಹಾಕಿದರು. ಚುನಾವಣೆಯ ಹೊತ್ತಿಗೆ ಇದೊಂದು ರಾಜಕೀಯದ ಆಟ ಎಂದವರೂ ಉಂಟು. ಆದರೆ ಬಂದವನ ಉದ್ದೇಶ ಏನೇ ಇರಲಿ, ಮುಚ್ಚಿದ ಬಾಗಿಲು ಇಡೀ ಜಗತ್ತಿಗೆ ಕಂಡಿತು.

ಕಾರ್ಟರ್ ಗೆದ್ದರು. ನವೆಂಬರ್ 14ರಂದು ಸಭೆ ಮತ್ತೆ ಸೇರಿತು. ಹಳೆಯ ನಿರ್ಬಂಧ ತೆಗೆದುಹಾಕಬೇಕೆ? ಬೇಕು ಎಂದವರು 120, ಬೇಡ ಎಂದವರು 66. ಆರು ಇದ್ದದ್ದು ನೂರಿಪ್ಪತ್ತಾಗಲು ಹನ್ನೊಂದು ವರ್ಷ ಹಿಡಿಯಿತು. ಆದರೆ ಗೆದ್ದರೂ ಮನಸ್ಸುಗಳು ಕೂಡಲಿಲ್ಲ. ಬಾಗಿಲು ತೆರೆಯಲು ಒತ್ತಾಯಿಸಿದ್ದ ಪಾಸ್ಟರ್ ಮುಂದಿನ ವರ್ಷ ಕೆಲಸ ಬಿಟ್ಟುಹೋಗಬೇಕಾಯಿತು. 1977ರಲ್ಲಿ ಒಂದು ಗುಂಪು ಹೊರಬಂದು ಬೇರೆ ಸಭೆ ಕಟ್ಟಿಕೊಂಡಿತು. ಅದಕ್ಕೆ 'ಮರನಾಥಾ ಬ್ಯಾಪ್ಟಿಸ್ಟ್ ಚರ್ಚು' ಎಂದು ಹೆಸರಾಯಿತು. ಮರನಾಥಾ ಎಂದರೆ ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ 'ಕರ್ತನೇ, ಬಾ' ಎಂದು. 1981ರಲ್ಲಿ ಅಧಿಕಾರ ಮುಗಿಸಿ ಊರಿಗೆ ಬಂದ ಕಾರ್ಟರ್ ದಂಪತಿಗಳು ಈ ಹೊಸ ಸಭೆಗೆ ಸೇರಿದರು.

ಭಾನುವಾರದ ಮೇಷ್ಟರು

ಇಂಥ ಸಣ್ಣ ಊರಿನ ಬ್ಯಾಪ್ಟಿಸ್ಟ್ ಸಭೆಯ ವಾರ ಹೇಗಿರುತ್ತದೆ? ಭಾನುವಾರ ಬೆಳಗ್ಗೆ ಮೊದಲು ಬೈಬಲ್ ಪಾಠ. ಅದು ಮಕ್ಕಳಿಗಷ್ಟೇ ಅಲ್ಲ, ಮುದುಕರಿಗೂ ತರಗತಿ ಇದೆ. ಆಮೇಲೆ ಹಾಡು, ಪ್ರಾರ್ಥನೆ, ಉಪದೇಶ. ವಾರದ ನಡುವೆ ಒಂದು ಸಂಜೆ ಪ್ರಾರ್ಥನಾ ಕೂಟ. ಯಾರಿಗೆ ಕಾಯಿಲೆ, ಯಾರ ಮಗ ದೂರದ ಊರಿನಲ್ಲಿದ್ದಾನೆ, ಯಾರ ಬೆಳೆ ಒಣಗಿತು, ಇವೆಲ್ಲ ಅಲ್ಲಿ ಹೆಸರು ಹಿಡಿದು ಬರುತ್ತವೆ. ವರ್ಷಕ್ಕೆ ಕೆಲವು ಸಲ ಪ್ರತಿ ಮನೆಯವರೂ ಒಂದೊಂದು ಪಾತ್ರೆ ಅಡಿಗೆ ತಂದು ಸಹಭೋಜನ. ಯಾರಾದರೂ ತೀರಿಕೊಂಡರೆ ಆ ಮನೆಯ ಒಲೆ ಹಚ್ಚಲು ಬಿಡದೆ ಊಟ ಹೊತ್ತು ತರುವುದು.

ಮರನಾಥಾದಲ್ಲಿ ವಾರವಾರ ಬರುತ್ತಿದ್ದ ಸದಸ್ಯರು ಕೆಲವೇ ಹತ್ತು ಮಂದಿ. ಕೆಲಸ ಎಲ್ಲರೂ ಸರದಿಯಲ್ಲಿ ಮಾಡಬೇಕು. ಹಾಗಾಗಿ ಅಮೆರಿಕದ ಮಾಜಿ ಅಧ್ಯಕ್ಷರು ಚರ್ಚಿನ ಅಂಗಳದ ಹುಲ್ಲು ಕತ್ತರಿಸುತ್ತಿದ್ದರು, ಅವರ ಹೆಂಡತಿ ಶೌಚಾಲಯ ತೊಳೆಯುತ್ತಿದ್ದರು. ಮರಗೆಲಸ ಬಲ್ಲ ಕಾರ್ಟರ್ ಸಭೆಗೆ ಮರದ ಶಿಲುಬೆಯನ್ನೂ ಕಾಣಿಕೆ ತಟ್ಟೆಗಳನ್ನೂ ಕೈಯಾರೆ ಮಾಡಿಕೊಟ್ಟರು.

ಅವರ ಭಾನುವಾರದ ಪಾಠ ಕೇಳಲು ದೇಶವಿದೇಶಗಳಿಂದ ಜನ ಬರುತ್ತಿದ್ದರು. ಜಾಗ ಸಿಗಲೆಂದು ರಾತ್ರಿಯೇ ಬಂದು ಕಾರಿನಲ್ಲಿ ಮಲಗುತ್ತಿದ್ದರು. ಪಾಠಕ್ಕೆ ಮೊದಲು ಶಾಲಾ ಶಿಕ್ಷಕಿಯೊಬ್ಬರು ನಿಂತು, ಚಪ್ಪಾಳೆ ತಟ್ಟಬಾರದು, ಇದು ಆರಾಧನೆ, ಸಮಾರಂಭವಲ್ಲ ಎಂದು ತರಗತಿಗೆ ಹೇಳುವಂತೆಯೇ ತಾಕೀತು ಮಾಡುತ್ತಿದ್ದರು. ಕಾರ್ಟರ್ ಬಂದವರನ್ನು ಯಾವ ಊರಿನವರು ಎಂದು ಕೇಳಿ, ಆಮೇಲೆ ಪಾಠ ಶುರುಮಾಡುತ್ತಿದ್ದರು. ಹದಿನೆಂಟನೆಯ ವಯಸ್ಸಿನಲ್ಲಿ ಹಿಡಿದ ಈ ಮೇಷ್ಟರಗಿರಿಯನ್ನು ಅವರು 95 ದಾಟಿದ ಮೇಲೂ ಬಿಡಲಿಲ್ಲ. ಕೊನೆಯ ಪಾಠ 2019ರ ನವೆಂಬರ್ 3ರಂದು.

ಬ್ಯಾಪ್ಟಿಸ್ಟರೊಳಗಿನ ಜಗಳ ಅಷ್ಟಕ್ಕೇ ನಿಲ್ಲಲಿಲ್ಲ. ಹೆಂಗಸರು ಪಾಸ್ಟರಾಗಬಾರದು, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎಂದು ದಕ್ಷಿಣದ ಬ್ಯಾಪ್ಟಿಸ್ಟ್ ಸಮ್ಮೇಳನ ತನ್ನ ತತ್ವಪತ್ರದಲ್ಲಿ ಸೇರಿಸಿದಾಗ, 2000ದಲ್ಲಿ, ಕಾರ್ಟರ್ ಆ ಸಮ್ಮೇಳನದೊಡನೆ ತಮ್ಮ ನಂಟು ಮುಗಿಯಿತೆಂದರು. ತಮ್ಮೂರ ಸಭೆಯನ್ನು ಮಾತ್ರ ಬಿಡಲಿಲ್ಲ. ಅಲ್ಲಿ ಹೆಂಗಸರೂ ಡೀಕನ್ನರಾಗಬಹುದಿತ್ತು, ರೋಸಲಿನ್ ಕೂಡ ಆಗಿದ್ದರು. 2019ರಲ್ಲಿ ಮರನಾಥಾ ಸಭೆ ಟೋನಿ ಲೌಡನ್ ಅವರನ್ನು ಪಾಸ್ಟರಾಗಿ ಕರೆಯಿತು. ಅವರು ಆ ಸಭೆಯ ಮೊದಲ ಕಪ್ಪು ಪಾಸ್ಟರ್.

ಪ್ರಾರ್ಥನೆಯೂ ಔಷಧವೂ

ವಿಜ್ಞಾನ ಓದಿದವರು ದೇವರನ್ನು ನಂಬಬಹುದೇ ಎಂದು ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಈ ಪ್ರಶ್ನೆಗೆ ವಾದದಿಂದ ಉತ್ತರ ಕೊಡುವುದಕ್ಕಿಂತ ಮೂರು ಸಂಗತಿ ಹೇಳುತ್ತೇನೆ.

2004ರಲ್ಲಿ ಜಾರ್ಜಿಯಾದ ಶಿಕ್ಷಣ ಇಲಾಖೆಯ ಮುಖ್ಯಸ್ಥರು ಜೀವಶಾಸ್ತ್ರದ ಪಠ್ಯಕ್ರಮದಿಂದ 'ವಿಕಾಸ' ಎಂಬ ಪದ ತೆಗೆದು, ಬೇರೆ ಮೆದು ಮಾತು ಸೇರಿಸಲು ಹೊರಟರು. ಕಾರ್ಟರ್ ಹೇಳಿಕೆ ಕೊಟ್ಟರು. ಕ್ರೈಸ್ತನಾಗಿ, ಎಂಜಿನಿಯರಿಂಗ್ ಮತ್ತು ವಿಜ್ಞಾನ ಕಲಿತವನಾಗಿ ತನಗೆ ಇದು ನಾಚಿಕೆಯ ಸಂಗತಿ, ಧರ್ಮಶ್ರದ್ಧೆಯನ್ನು ಕಾಪಾಡಲು ಭೂಮಿ ಚಪ್ಪಟೆ ಎನ್ನಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. ಕೆಲವೇ ದಿನಗಳಲ್ಲಿ ಆ ಪ್ರಸ್ತಾಪ ಹಿಂದಕ್ಕೆ ಹೋಯಿತು.

2015ರ ಆಗಸ್ಟಿನಲ್ಲಿ ಅವರಿಗೆ ಮೆಲನೋಮಾ ಎಂಬ ಕ್ಯಾನ್ಸರ್ ಯಕೃತ್ತಿಗೂ ಮಿದುಳಿಗೂ ಹರಡಿದ್ದು ತಿಳಿಯಿತು. ವಯಸ್ಸು ತೊಂಬತ್ತು. ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳ ಜೊತೆಗೆ ಪೆಂಬ್ರೋಲಿಜುಮ್ಯಾಬ್ ಎಂಬ ಹೊಸ ಔಷಧ ಕೊಟ್ಟರು. ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಕಾದಾಡುವ ಟಿ ಕೋಶಗಳಿವೆ. ಅವು ಅತಿಯಾಗಿ ಕೆರಳಿ ನಮ್ಮ ಮೈಯನ್ನೇ ಕೆಡಿಸಬಾರದೆಂದು ಅವಕ್ಕೊಂದು ಬ್ರೇಕು ಇದೆ. ಕ್ಯಾನ್ಸರ್ ಕೋಶ ಕಳ್ಳನಂತೆ ಆ ಬ್ರೇಕನ್ನು ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತದೆ. ಈ ಔಷಧ ಬ್ರೇಕನ್ನು ಬಿಡಿಸುತ್ತದೆ. ಅದೇ ಡಿಸೆಂಬರಿನಲ್ಲಿ ಮಿದುಳಿನ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಆ ಸುದ್ದಿಯನ್ನು ಕಾರ್ಟರ್ ಮೊದಲು ಹೇಳಿದ್ದು ಮರನಾಥಾದ ಭಾನುವಾರದ ತರಗತಿಯಲ್ಲಿ. ಅವರು ಪ್ರಾರ್ಥನೆಯನ್ನೂ ಬಿಡಲಿಲ್ಲ, ಔಷಧವನ್ನೂ ಬಿಡಲಿಲ್ಲ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಲೂ ಇಲ್ಲ.

ಮೂರನೆಯದು ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಚೆನ್ನಾಗಿ ನೆನಪಿರುವ ನಾರುಹುಣ್ಣು. ಮೆಟ್ಟಿಲು ಬಾವಿಯ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ, ಅದರೊಳಗೆ ಹುಳುವಿನ ಮರಿ. ಕುಡಿದ ವರ್ಷದ ನಂತರ ಗಜದುದ್ದದ ಹುಳು ಕಾಲಿನ ಚರ್ಮ ಸೀಳಿಕೊಂಡು ಹೊರಬರುತ್ತದೆ. ಉರಿ ತಾಳದೆ ರೋಗಿ ಬಾವಿಗಿಳಿದರೆ ಅದು ಸಾವಿರಾರು ಮರಿ ಉದುರಿಸುತ್ತದೆ. ಲಸಿಕೆ ಇಲ್ಲ, ಗುಣಪಡಿಸುವ ಔಷಧ ಇಲ್ಲ. ಇರುವುದು ಒಂದೇ ಉಪಾಯ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಮತ್ತು ಹುಣ್ಣಿನ ಕಾಲನ್ನು ನೀರಿಗಿಳಿಸದಿರುವುದು. ಭಾರತ ತನ್ನದೇ ಕಾರ್ಯಕ್ರಮ ನಡೆಸಿ ಇದನ್ನು ಗೆದ್ದಿತು. ಇಲ್ಲಿನ ಕೊನೆಯ ರೋಗಿ ಕಂಡದ್ದು 1996ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಸಿಕ್ಕಿದ್ದು 2000ದಲ್ಲಿ. ಜಗತ್ತಿನ ಮಟ್ಟದಲ್ಲಿ ಈ ಕೆಲಸದ ಮುಂದಾಳುತನವನ್ನು 1986ರಲ್ಲಿ ಕಾರ್ಟರ್ ಸ್ಥಾಪಿಸಿದ ಕೇಂದ್ರ ವಹಿಸಿಕೊಂಡಿತು. ಆಗ ವರ್ಷಕ್ಕೆ ಅಂದಾಜು 35 ಲಕ್ಷ ಜನ ನರಳುತ್ತಿದ್ದರು. 2024ರಲ್ಲಿ ಇಡೀ ಜಗತ್ತಿನಲ್ಲಿ 15 ಮಂದಿ.

ಭಾರತದೊಡನೆ ಈ ಮನೆತನದ ನಂಟು ಇನ್ನೂ ಹಳೆಯದು. ತಾಯಿ ಲಿಲಿಯನ್ 1966ರಲ್ಲಿ, 68ನೇ ವಯಸ್ಸಿನಲ್ಲಿ, ಪೀಸ್ ಕೋರ್ ಸೇರಿ ಮುಂಬಯಿಯ ವಿಕ್ರೋಲಿಗೆ ಬಂದು ದಾದಿಯಾಗಿ ಸುಮಾರು ಎರಡು ವರ್ಷ ದುಡಿದರು. ಇನ್ನು ಆ ಬಹಿಷ್ಕೃತ ಕೊಯಿನೊನಿಯಾ ಹೊಲದಲ್ಲಿ ಬಡವರಿಗೆ ಬಡ್ಡಿಯಿಲ್ಲದ ಸಾಲದಲ್ಲಿ ಮನೆ ಕಟ್ಟುವ ಯೋಚನೆ ಮೊಳೆತು, 1976ರಲ್ಲಿ ಮಿಲ್ಲರ್ಡ್ ಫುಲ್ಲರ್ ಅವರಿಂದ 'ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ' ಎಂಬ ಸಂಸ್ಥೆಯಾಯಿತು. ಕಾರ್ಟರ್ ದಂಪತಿಗಳು 1984ರಿಂದ ಅದಕ್ಕಾಗಿ ಸುತ್ತಿಗೆ ಹಿಡಿದು ದುಡಿದರು. 2006ರಲ್ಲಿ ಲೋನಾವಳದ ಬಳಿ ನಮ್ಮವರಿಗೂ ಮನೆ ಕಟ್ಟಲು ಬಂದಿದ್ದರು. 1950ರಲ್ಲಿ ಒಬ್ಬ ಭಾರತೀಯ ವಿದ್ಯಾರ್ಥಿ ಒಳಗೆ ಕಾಲಿಟ್ಟನೆಂದು ಯಾರನ್ನು ಚರ್ಚಿನಿಂದ ಹೊರಹಾಕಿದರೋ, ಅವರ ಹೊಲದಲ್ಲಿ ಬಿದ್ದ ಬೀಜ ಭಾರತದವರೆಗೂ ಬಂತು.

ರೋಸಲಿನ್ 2023ರ ನವೆಂಬರಿನಲ್ಲಿ, ಕಾರ್ಟರ್ 2024ರ ಡಿಸೆಂಬರ್ 29ರಂದು ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ರಾಜಧಾನಿಯಲ್ಲಿ ಸಕಲ ಗೌರವ ಮುಗಿದ ಬಳಿಕ ಕೊನೆಯ ಪ್ರಾರ್ಥನೆ ನಡೆದದ್ದು ಮರನಾಥಾದಲ್ಲೇ.

ಈಗ ಮೊದಲ ಪ್ರಶ್ನೆಗೆ ಬನ್ನಿ. ಬಹುಮತ ತಪ್ಪಿದಾಗ ಏನು ಮಾಡಬೇಕು? ಈ ಕಥೆಯಲ್ಲಿ ಮೂರು ಉತ್ತರಗಳಿವೆ. ಜಾರ್ಡನ್ ಹೊರಹಾಕಿಸಿಕೊಂಡರು, ಆದರೆ ಊರು ಬಿಡಲಿಲ್ಲ. ಕಾರ್ಟರ್ ಸೋತರೂ ಹನ್ನೊಂದು ವರ್ಷ ಒಳಗೇ ಕುಳಿತರು. 1977ರವರು ಎದ್ದುಹೋಗಿ ಬೇರೆ ಬಾಗಿಲು ತೆರೆದರು. ಯಾವುದು ಸರಿ ಎಂದು ನಾನು ಅಂಕ ಹಾಕಲಾರೆ. ಮೂರಕ್ಕೂ ಅದರದರ ಬೆಲೆ ತೆರಬೇಕಾಯಿತು. ನಾಲ್ಕನೆಯ ಉತ್ತರವೂ ಅಲ್ಲಿತ್ತು, ಸುಮ್ಮನೆ ಕೂರುವುದು. ಬಾಗಿಲು ಹನ್ನೊಂದು ವರ್ಷ ಮುಚ್ಚಿದ್ದು ಅದರಿಂದಲೇ.

ವಿದ್ಯಾರ್ಥಿಗಳೇ, ತರಗತಿಯಲ್ಲಿ ಒಬ್ಬ ಹುಡುಗನನ್ನು ಎಲ್ಲರೂ ಸೇರಿ ದೂರ ಇಟ್ಟಾಗ ನೀವು ಯಾವ ಪಟ್ಟಿಯಲ್ಲಿರುತ್ತೀರಿ ಎಂದು ಯೋಚಿಸಿ. ತಂದೆ ತಾಯಿಗಳೇ, ಮಗ ಅಥವಾ ಮಗಳು ಹಾಗೆ ಒಂಟಿಯಾಗಿ ನಿಂತು, ಅದರಿಂದ ಗೆಳೆಯರನ್ನು ಕಳೆದುಕೊಂಡು ಮನೆಗೆ ಬಂದರೆ, 'ನಿನಗ್ಯಾಕೆ ಊರ ಉಸಾಬರಿ' ಎಂದು ಗದರಬೇಡಿ. 1965ರ ಆ ಆರು ಮತಗಳಲ್ಲಿ ಐದು ಒಂದೇ ಮನೆಯವು ಎಂಬುದನ್ನು ಮರೆಯಬೇಡಿ. ಎದ್ದು ನಿಲ್ಲುವವನಿಗೆ ಮೊದಲು ಬೇಕಾದದ್ದು ಪಕ್ಕದಲ್ಲಿ ಮನೆಯವರು.